ಎಡಗೈ ಪಿಟೀಲು: ತಂತಿ ತಿರುಗಿಸಿದರೆ ಸಾಲದು

ಅಕ್ಕನ ಮಗಳಿಗೆ ಎಂಟು ವರ್ಷ. ಊಟ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಎಡಗೈಯಲ್ಲೇ. ಆ ಊಟವಾದರೂ ಬಲಗೈಗೆ ಬಂದದ್ದು ನಮ್ಮಮ್ಮನ ಕಣ್ಣಿಗೆ ಹೆದರಿ. ಪಿಟೀಲು ಪಾಠಕ್ಕೆ ಸೇರಿಸಿ ಒಂದು ವರ್ಷವಾಗಿತ್ತು. ಸ್ವರಸ್ಥಾನ ಚೆನ್ನಾಗಿ ಹಿಡಿಯುತ್ತಿದ್ದಳು, ಕಿವಿ ಚುರುಕು. ಕಮಾನು ಮಾತ್ರ ಕೈಗೆ ಬರಲೇ ಇಲ್ಲ. ತಂತಿಗಳನ್ನು ಹೊತ್ತು ನಿಂತ ಬ್ರಿಡ್ಜಿಗೆ ಸಮಾಂತರವಾಗಿ ಹೋಗಬೇಕಾದ ಕಮಾನು ಅರ್ಧ ದಾರಿಯಲ್ಲಿ ಓರೆಯಾಗಿ, ಬೆರಳು ಒತ್ತುವ ಫಿಂಗರ್‌ಬೋರ್ಡಿನ ಮೇಲೆ ಹತ್ತಿಬಿಡುತ್ತಿತ್ತು. ಸರಳೆ ವರಸೆ ಎರಡನೇ ಕಾಲದಲ್ಲಿ, ಅಂದರೆ ಇಮ್ಮಡಿ ವೇಗದಲ್ಲಿ, ಬೆರಳು ಒಂದು ಕಡೆ, ಕಮಾನು ಇನ್ನೊಂದು ಕಡೆ. ಕೊನೆಗೆ ಅವಳೇ ಒಂದು ದಿನ ಪೆಟ್ಟಿಗೆ ಮುಚ್ಚಿ, "ಮಾಮ, ನನ್ನ ಬಲಗೈ ದಡ್ಡ" ಅಂದಳು.

ನಾನು ಪೀಣ್ಯದಲ್ಲಿ ಟೂಲ್‌ರೂಮ್ ಫಿಟ್ಟರ್. ಇಪ್ಪತ್ತೆರಡು ವರ್ಷದಿಂದ ಲೋಹ ಉಜ್ಜಿಕೊಂಡು ಬಂದಿದ್ದೇನೆ. ಸಂಗೀತ ಕೇಳುವುದಷ್ಟೇ ಗೊತ್ತು, ನುಡಿಸಲು ಬಾರದು. ಆದರೆ ಯಾವ ಯಂತ್ರವೇ ಇರಲಿ, ಸರಿಯಿಲ್ಲ ಅಂದರೆ ಮೊದಲು ಯಂತ್ರವನ್ನು ನೋಡಬೇಕು, ಆಮೇಲೆ ಆಪರೇಟರನ್ನು ಬೈಯಬೇಕು. ಅದು ನಮ್ಮ ಶಾಪಿನ ಪದ್ಧತಿ.

ಮೊದಲು ಮಾಡಿದ್ದು ಒಂದು ಪುಟ್ಟ ಪರೀಕ್ಷೆ. ಒಂದು ಲಟ್ಟಣಿಗೆ, ಒಂದು ಅಡಿಪಟ್ಟಿ ಕೊಟ್ಟು, "ಪಿಟೀಲು ನುಡಿಸೋ ಹಾಗೆ ಆಟ ಆಡು" ಅಂದೆ. ಮೇಷ್ಟ್ರು ಎದುರಿಗಿಲ್ಲ, ಯಾರೂ ತಿದ್ದುತ್ತಿಲ್ಲ. ಲಟ್ಟಣಿಗೆ ಬಲಗೈಗೆ ಹೋಯಿತು, ಅಡಿಪಟ್ಟಿ ಎಡಗೈಗೆ. ಬೇರೆ ಬೇರೆ ದಿನ, ಬೇರೆ ಬೇರೆ ಸಾಮಾನು ಕೊಟ್ಟು ಐದು ಸಲ ನೋಡಿದೆ. ಐದು ಸಲವೂ ಆಡುವ ಕೈ ಎಡಗೈ. ಅಡಿಪಟ್ಟಿ ಓರೆಯಾಗಲೇ ಇಲ್ಲ.

ಮೇಷ್ಟ್ರಿಗೆ ಎಪ್ಪತ್ತು ದಾಟಿದೆ. ಅವರ ವಾದ ತೆಗೆದುಹಾಕುವಂಥದ್ದಲ್ಲ. "ನೋಡಪ್ಪ, ಬೆರಳಿನ ಕೆಲಸ, ಗಮಕ, ಜಾರು ಎಲ್ಲಾ ಎಡಗೈದೇ. ಎಡಚರಿಗೆ ಅದು ಲಾಭ ಅಲ್ವೇ?" ನಿಜ. ಎಷ್ಟೋ ಎಡಚರು ಮಾಮೂಲಿ ಪಿಟೀಲನ್ನೇ ನುಡಿಸುತ್ತಾರೆ, ಅವರಿಗೆ ತೊಂದರೆಯೇನೂ ಇಲ್ಲ. ಅಂಥವರ ಪಿಟೀಲಿಗೆ ಕೈ ಹಾಕುವ ಅಗತ್ಯವೂ ಇಲ್ಲ. ಆದರೆ ಒಂದು ವರ್ಷ ಪ್ರಯತ್ನಪಟ್ಟ ಮೇಲೂ ಕಮಾನು ಹಿಡಿದು ಉಸಿರಾಡಬೇಕಾದ ಕೈ ಮರಗಟ್ಟಿ ನಿಂತರೆ? ಮೇಷ್ಟ್ರು ಸುಮ್ಮನೆ ಕೂತು, ಆಮೇಲೆ ಪಳನಿ ಸುಬ್ರಮಣ್ಯ ಪಿಳ್ಳೆಯವರ ಮಾತು ತೆಗೆದರು. ಆ ಕಾಲದ ದೊಡ್ಡ ಮೃದಂಗ ವಿದ್ವಾಂಸರು, ಎಡಗೈಯವರು. ಮೃದಂಗದ ಬಲಮುಖ ಸಭೆಯ ಕಡೆಗಿರಬೇಕು ಅಂತ ಬಲಗೈಯವರು ಹಾಡುಗಾರರ ಬಲಕ್ಕೆ ಕೂರುತ್ತಾರೆ. ಎಡಗೈಯವರಾದರೆ ಎದುರು ಬದಿಗೆ, ಅಂದರೆ ಪಿಟೀಲಿನ ಜಾಗಕ್ಕೆ ಹೋಗಬೇಕು. ಪಿಟೀಲಿನವರು ಎದ್ದು ಇತ್ತ ಬರಬೇಕು. ಅದಕ್ಕೆ ಒಪ್ಪದೆ ಮುಖ ತಿರುಗಿಸಿದವರೂ ಇದ್ದರು, ಒಪ್ಪಿ ಪಕ್ಕದಲ್ಲಿ ಕೂರಿಸಿಕೊಂಡ ಚೆಂಬೈ ವೈದ್ಯನಾಥ ಭಾಗವತರಂಥವರೂ ಇದ್ದರು. ಇಷ್ಟು ಹೇಳಿ ಮೇಷ್ಟ್ರು ಎದ್ದರು. "ಶ್ರುತಿ ಸೇರಿದರೆ ಸಾಕು. ಕೈ ಯಾವುದಾದರೇನು, ಮಾಡು ಹೋಗು."

ಅಮ್ಮನದು ಬೇರೆ ತಕರಾರು. "ಸರಸ್ವತಿ ವಿದ್ಯೆ ಕಣೋ, ಎಡಗೈಲಿ ಕಮಾನು ಹಿಡಿಸ್ತೀಯಾ?"

"ಅಮ್ಮಾ, ಈಗ ಎಲ್ಲರೂ ತಂತಿ ಮುಟ್ಟೋದು ಎಡಗೈಲೇ ಅಲ್ವಾ? ಇವಳು ಬಲಗೈಲಿ ಮುಟ್ತಾಳೆ."

ಅಮ್ಮ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ನಿನ್ನ ಹತ್ರ ಮಾತಾಡಕ್ಕಾಗಲ್ಲ" ಅಂತ ಒಳಗೆ ಹೋದರು.

ಮೊದಲ ಭಾನುವಾರ: ಸುಲಭದ ದಾರಿ

ಪಿಟೀಲನ್ನು ಮೇಜಿನ ಮೇಲಿಟ್ಟು ನೋಡಿದರೆ ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಗಿಟಾರಿನಲ್ಲಿ ಒಂದು ಕಡೆ ಕೊರೆದು ತೆಗೆದ ಹಾಗೆ ಇಲ್ಲೇನೂ ಇಲ್ಲ. ನಡುವೆ ಕನ್ನಡಿ ನಿಲ್ಲಿಸಿದ ಹಾಗಿದೆ. ಸರಿ, ತಂತಿಗಳನ್ನು ಹಿಂದುಮುಂದು ಮಾಡಿದರೆ ಆಯಿತಲ್ಲ ಅಂದುಕೊಂಡೆ. ಅವಳ ಪಾಠದ ಪಿಟೀಲು ಮುಟ್ಟುವುದು ಬೇಡ ಅಂತ ಅದೇ ಅಳತೆಯ, ಅಂದರೆ ಹಾಫ್ ಸೈಜಿನ, ಹಳೆಯದೊಂದನ್ನು 1,800 ರೂಪಾಯಿಗೆ ತಂದೆ. ಎಡಗೈಯವರಿಗೆಂದೇ ಮಾಡಿದ್ದು ಈ ಅಳತೆಯಲ್ಲಿ ಸಿಗುತ್ತದಾ ಅಂತ ಮೂರು ಅಂಗಡಿಯಲ್ಲಿ ಕೇಳಿದ್ದೆ. ಒಬ್ಬರು ನಕ್ಕರು, ಇಬ್ಬರು ನಗಲೂ ಇಲ್ಲ.

ತಂತಿ ಬಿಚ್ಚಿ, ದಪ್ಪದ್ದು ಇದ್ದ ಕಡೆ ತೆಳುವಿನದು, ತೆಳುವಿನದು ಇದ್ದ ಕಡೆ ದಪ್ಪದ್ದು ಹಾಕಿದೆ. ಬ್ರಿಡ್ಜನ್ನು, ಅಂದರೆ ನಮ್ಮ ವೀಣೆ ತಂಬೂರಿಯವರು ಕುದುರೆ ಅನ್ನುವುದನ್ನು, ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದೆ. ದಪ್ಪ ತಂತಿ ಹೆಚ್ಚು ಅಗಲಕ್ಕೆ ಅದುರುವುದರಿಂದ ಆ ಕಡೆ ಬ್ರಿಡ್ಜು ಎತ್ತರ, ತೆಳು ತಂತಿಯ ಕಡೆ ತಗ್ಗು. ಹಾಗಾಗಿ ತಿರುಗಿಸಲೇಬೇಕು. ತಿರುಗಿಸಿದರೆ ಇನ್ನೊಂದು ತೊಂದರೆ. ಬುಡದಲ್ಲಿ ತಂತಿಗಳನ್ನು ಕಟ್ಟುವ ಟೈಲ್‌ಪೀಸಿನ ಕಡೆಯ ಮುಖ ನೆಟ್ಟಗಿರಬೇಕು, ಫಿಂಗರ್‌ಬೋರ್ಡಿನ ಕಡೆಯ ಮುಖ ಇಳಿಜಾರಾಗಿರಬೇಕು. ಅದೂ ಉಲ್ಟಾ ಆಯಿತು. ಮೇಲ್ತುದಿಯ ನಟ್ಟಿನಲ್ಲಿ (ಬೋಲ್ಟಿನ ಜೊತೆಯ ನಟ್ಟಲ್ಲ, ಬಿರಡೆಗಳ ಕೆಳಗೆ ತಂತಿ ಹಾದುಬರುವ ಕರಿಮರದ ಕಟ್ಟೆ) ತೆಳು ತಂತಿ ಅಗಲದ ಗಾಡಿಯಲ್ಲಿ, ಅಂದರೆ ತಂತಿ ಕೂರಲು ಕೊರೆದ ಸಂದಿಯಲ್ಲಿ, ಅಲ್ಲಾಡುತ್ತಿತ್ತು, ದಪ್ಪ ತಂತಿ ಸಣ್ಣ ಗಾಡಿಯ ಮೇಲೆ ಹತ್ತಿ ಕೂತಿತ್ತು.

ನುಡಿಸಿದಾಗ ಬಂದ ನಾದವನ್ನು ಹೇಗೆ ಹೇಳಲಿ. ಮಂದ್ರದ ಎರಡು ತಂತಿ ಮುಚ್ಚಿದ ಡಬ್ಬಿಯೊಳಗಿಂದ ಬಂದ ಹಾಗೆ. ಮೇಲಿನ ಪಂಚಮದ ತೆಳು ತಂತಿ ಕೀರಲು. "ಪಿಟೀಲು ಕುಯ್ಯಬೇಡ" ಅನ್ನುವ ಬೈಗುಳ ಎಲ್ಲಿಂದ ಬಂತು ಅಂತ ಅವತ್ತು ಗೊತ್ತಾಯಿತು. ಆದರೆ ಒಂದು ವಿಷಯ ಮಾತ್ರ ಖಚಿತವಾಯಿತು. ಪುಟ್ಟಿ ಎಡಗೈಯಲ್ಲಿ ಕಮಾನು ಹಿಡಿದು ಎಳೆದಾಗ ಅದು ಬ್ರಿಡ್ಜಿನಿಂದ ಒಂದು ಬೆರಳಿನಷ್ಟೂ ಆಚೀಚೆ ಹೋಗಲಿಲ್ಲ.

ಹೊಟ್ಟೆಯೊಳಗೆ ಏನಿದೆ

ಚಾರ್ಲಿ ಚಾಪ್ಲಿನ್ ಎಡಗೈಯಲ್ಲಿ ಪಿಟೀಲು ನುಡಿಸುತ್ತಿದ್ದ ಅನ್ನುವುದು ಗೊತ್ತಿತ್ತು. ಹುಡುಕಿ ಓದಿದಾಗ ನನಗೆ ಬೇಕಾದದ್ದು ಸಿಕ್ಕಿತು. ತನ್ನ ಆತ್ಮಕಥೆಯಲ್ಲಿ ಅವನು ತಂತಿ ತಿರುಗಿಸಿದ್ದನ್ನಷ್ಟೇ ಹೇಳಿ ನಿಲ್ಲಿಸುವುದಿಲ್ಲ. ಒಳಗಿನ ಬೇಸ್ ಬಾರ್, ಸೌಂಡ್ ಪೋಸ್ಟ್ ಎರಡನ್ನೂ ಅದಲುಬದಲು ಮಾಡಿಸಿದ್ದನ್ನೂ ಹೇಳುತ್ತಾನೆ. ನಕ್ಕು ನಗಿಸುವವನು ಅಂದುಕೊಂಡಿದ್ದ ಮನುಷ್ಯ ನನಗೆ ವರ್ಕ್‌ಶಾಪ್ ಪಾಠ ಹೇಳಿಕೊಟ್ಟ.

ವಿಷಯ ಇಷ್ಟು. ಕಮಾನು ತಂತಿಯನ್ನು ಅಡ್ಡಕ್ಕೆ ಎಳೆಯುತ್ತದೆ, ಬ್ರಿಡ್ಜು ಅಡ್ಡಡ್ಡ ತೂಗುತ್ತದೆ. ತೆಳು ತಂತಿಯ ಕಡೆಯ ಪಾದದ ಹಿಂದೆಯೇ, ಒಳಗೆ, ಒಂದು ಸಣ್ಣ ಮರದ ಕಂಬ ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ನಿಂತಿರುತ್ತದೆ. ಅಂಟಿಲ್ಲ, ಮೊಳೆಯಿಲ್ಲ, ಬರೀ ಒತ್ತಡದ ಮೇಲೆ. ಅದೇ ಸೌಂಡ್ ಪೋಸ್ಟ್. ಆ ಪಾದ ಹೆಚ್ಚು ಅಲ್ಲಾಡದೆ ತಕ್ಕಡಿಯ ಮುಳ್ಳಿನ ಹಾಗೆ ನಿಲ್ಲುತ್ತದೆ. ಇನ್ನೊಂದು ಪಾದ ಮೇಲೆ ಕೆಳಗೆ ಕುಟ್ಟುತ್ತದೆ. ಆ ಕುಟ್ಟನ್ನು ಹಲಗೆಯ ಉದ್ದಕ್ಕೂ ಹರಡಲು ದಪ್ಪ ತಂತಿಯ ಕೆಳಗೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಅದು ಬೇಸ್ ಬಾರ್. ಹೊರಗಿನಿಂದ ಎರಡು ಕೈಯವರಿಗೂ ಒಂದೇ ಥರ ಕಾಣುವ ಸಾಮಾನು ಒಳಗೆ ಪಕ್ಕಾ ಬಲಗೈಯವರದು. ಪೋಸ್ಟನ್ನು ಎಫ್ ಆಕಾರದ ಸಂದಿಯಿಂದ ಸರಿಸಬಹುದು. ಬಾರ್ ಸರಿಸಬೇಕಾದರೆ ಹೊಟ್ಟೆ ಬಿಚ್ಚಲೇಬೇಕು.

ಬಿಚ್ಚಲು ಧೈರ್ಯ ಎಲ್ಲಿಂದ ಬಂತು ಅಂದರೆ, ಒಂದು, 1,800 ರೂಪಾಯಿ ಪಿಟೀಲು. ಇನ್ನೊಂದು, ಹಿಂದಿನ ಸಾಲಿನವರಿಗೂ ಕೇಳಿಸಬೇಕು ಅಂತ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದ ಪಿಟೀಲು ಚೌಡಯ್ಯನವರ ಸೀಮೆ ನಮ್ಮದು. ಅವರ ಎದುರಿಗೆ ನನ್ನದೇನು ಮಹಾ.

ಕ್ಲಾಂಪು ಮತ್ತು ಮಾಪ್ ಕೋಲು

ಹಲಗೆ ಬಿಚ್ಚುವುದಕ್ಕಿಂತ ಮೊದಲು ಮುಚ್ಚುವುದನ್ನು ಯೋಚಿಸಬೇಕು. ಸುತ್ತಲೂ ಒಂದೇ ಸಲಕ್ಕೆ ಒತ್ತಿ ಹಿಡಿಯಲು 24 ಕ್ಲಾಂಪು ಬೇಕು. 6 ಮಿ.ಮೀ. ಥ್ರೆಡ್ ರಾಡ್ ತುಂಡುಗಳು, ರೆಕ್ಕೆ ನಟ್ಟು, ಎರಡು ಕಡೆಗೂ ಮರದ ಬಿಲ್ಲೆ, ಬಿಲ್ಲೆಗೆ ಹಳೆ ಸೈಕಲ್ ಟ್ಯೂಬಿನ ರಬ್ಬರು. ಬಿಲ್ಲೆಗೆ ಸರಿಯಾದ ದುಂಡನೆ ಮರ ಹುಡುಕಿದೆ. ಬಾತ್‌ರೂಮಿನ ಬಾಗಿಲ ಹಿಂದೆ ನಿಂತಿತ್ತು. 48 ಬಿಲ್ಲೆ ಕತ್ತರಿಸಿದೆ. ಮಾರನೆ ದಿನ ಅಕ್ಕ ನೆಲ ಒರೆಸಲು ಹೋದಾಗ ಬರೀ ಬಟ್ಟೆ ಸಿಕ್ಕಿತು.

ಮಿಕ್ಕ ಹತಾರ: ಅಂಚು ತೆಳ್ಳಗೆ ಉಜ್ಜಿದ ಊಟದ ಮೇಜಿನ ಚಾಕು, ಹಲ್ಲಿನ ಡಾಕ್ಟರ ಕನ್ನಡಿಯಂಥದ್ದೊಂದು, ಮತ್ತು ಎಸ್ ಆಕಾರಕ್ಕೆ ಬಗ್ಗಿಸಿದ ಸೈಕಲ್ ಸ್ಪೋಕು, ಒಂದು ತುದಿ ಚೂಪು.

ಬಿಚ್ಚಿದ ದಿನ

ತಂತಿ, ಟೈಲ್‌ಪೀಸು, ಗದ್ದದ ಪಟ್ಟಿ ತೆಗೆದೆ. ಬುಡದ ಅಂಚಿನಲ್ಲಿರುವ ಸ್ಯಾಡಲ್ ಅನ್ನುವ ಕರಿ ತುಂಡನ್ನು ಮೊದಲು ಬಿಡಿಸಬೇಕು, ಇಲ್ಲದಿದ್ದರೆ ಅಲ್ಲಿ ಹಲಗೆ ಸೀಳುತ್ತದೆ. ಆಮೇಲೆ ಅಂಚನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದೆ. ಅಂಟು ಬಿಟ್ಟ ಜಾಗದಲ್ಲಿ ಸದ್ದು ಸಡಿಲವಾಗಿ ಕೇಳಿಸುತ್ತದೆ. ಕೆಳಗಿನ ದುಂಡಿನಲ್ಲಿ ಅಂಥದ್ದೊಂದು ಜಾಗ ಸಿಕ್ಕಿತು, ಚಾಕು ಅಲ್ಲಿಂದ ಹೊಕ್ಕಿತು. ತಳ್ಳಬಾರದು, ತಿರುಚಬೇಕು. ಟಕ್ ಟಕ್ ಅಂತ ಅಂಟು ಬಿಡುವ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ, ಆದರೆ ಆ ಸದ್ದು ಒಳ್ಳೆಯದು. ಸದ್ದಿಲ್ಲದೆ ಬಿಟ್ಟರೆ ಮರ ಸೀಳುತ್ತಿದೆ ಅಂತ ಅರ್ಥ.

ಬಲಗಡೆ ಮೂಲೆಯಲ್ಲಿ ಅಂಟು ಬಿಡಲಿಲ್ಲ. ಸ್ಪಿರಿಟ್ ಒಂದೆರಡು ಹನಿ ಬಿಟ್ಟರೆ ಮರವಜ್ರದ ಅಂಟು (ಪ್ರಾಣಿಯ ಚರ್ಮ, ಮೂಳೆಯಿಂದ ಮಾಡಿದ್ದು) ಪುಡಿಯಾಗುತ್ತದೆ ಅನ್ನುವುದು ನಿಜ. ಅದೇ ಸ್ಪಿರಿಟ್ಟು ವಾರ್ನಿಷನ್ನೂ ತಿನ್ನುತ್ತದೆ ಅನ್ನುವುದೂ ಅಷ್ಟೇ ನಿಜ. ಎರಡನೆಯದನ್ನು ಮರೆತಿದ್ದೆ. ಅಂಚಿನ ಮೇಲೆ ಎರಡು ರೂಪಾಯಿ ನಾಣ್ಯದಷ್ಟು ಬೆಳ್ಳಗಾಯಿತು. ಅದು ಇವತ್ತಿಗೂ ಇದೆ. ಸಿಟ್ಟಿನಲ್ಲಿ ಚಾಕು ಸ್ವಲ್ಪ ಜೋರಾಗಿ ಒತ್ತಿದೆ. ಸದ್ದಿಲ್ಲ. ಹಲಗೆಯ ಒಳಪದರ ಸೀಳಿ ಒಂದು ಸಿಬಿರು ಪಕ್ಕದ ಪಟ್ಟಿಗೇ ಅಂಟಿಕೊಂಡು ಉಳಿಯಿತು. ಸಿಬಿರನ್ನು ಬಿಸಾಡದೆ ಹಾಗೇ ಬಿಟ್ಟದ್ದು ಒಳ್ಳೆಯದಾಯಿತು. ಮುಚ್ಚುವಾಗ ಸೀಳಿದ ಜಾಗದಲ್ಲೇ ತಿರುಗಿ ಕೂತಿತು.

ಒಳಗೆ ನೋಡಿದಾಗ ಅಗ್ಗದ ಮಾಲಿನ ಗುಟ್ಟೆಲ್ಲ ಹೊರಬಂತು. ಮೂಲೆಗಳಲ್ಲಿ ಇರಬೇಕಾದ ಮರದ ದಿಮ್ಮಿಗಳೇ ಇಲ್ಲ. ಬಾರ್ ಅಂಟಿಸಿದ ಕಡೆ ಅಂಟಿನ ಗಂಟುಗಳು, ಒಂದು ಕೊನೆಯಲ್ಲಿ ಬಾರಿಗೂ ಹಲಗೆಗೂ ನಡುವೆ ಬಸ್ ಟಿಕೆಟ್ಟು ತೂರಿಸುವಷ್ಟು ಸಂದಿ. ಅಂದರೆ ಈ ಪಿಟೀಲು ಬಲಗೈಯವರಿಗೂ ನೆಟ್ಟಗೆ ಸೇವೆ ಮಾಡಿರಲಿಕ್ಕಿಲ್ಲ.

ಬಾರ್: ಮೂರು ಸಂಜೆ

ಹಳೆ ಬಾರನ್ನು ಸಣ್ಣ ಉಳಿಯಿಂದ ಕೆತ್ತಿ, ಕೊನೆಯ ಪದರವನ್ನು ಬಿಸಿ ಒದ್ದೆ ಬಟ್ಟೆಯಿಟ್ಟು ಮೆತ್ತಗೆ ಮಾಡಿ ಒರೆಸಿದೆ. ಹೊಸ ಬಾರಿಗೆ ಸ್ಪ್ರೂಸ್ ಮರ ಬೇಕು. ಚಳಿ ಸೀಮೆಯ ಮರ, ನಮ್ಮ ಟಿಂಬರ್ ಡಿಪೋದಲ್ಲಿ ಕೇಳಿದರೆ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ತೋರಿಸುತ್ತಾರೆ. ಹಾರ್ಮೋನಿಯಂ ರಿಪೇರಿ ಮಾಡುವವರೊಬ್ಬರ ಅಟ್ಟದಲ್ಲಿ ಕುತ್ತಿಗೆ ಮುರಿದ ದೊಡ್ಡ ಪಿಟೀಲೊಂದು ಬಿದ್ದಿತ್ತು. ಅದರ ಬಾರ್ ನನ್ನ ಅಳತೆಗಿಂತ ದೊಡ್ಡದು. ಕೊಟ್ಟರು, ದುಡ್ಡು ಮುಟ್ಟಲಿಲ್ಲ. "ಎಡಗೈ ಪಿಟೀಲು ಆದ್ಮೇಲೆ ತಂದು ತೋರ್ಸಿ" ಅಂದರು.

ಅಳತೆ ಹೀಗೆ ಹಾಕಿದೆ. ಹಾಫ್ ಸೈಜಿನ ಒಡಲು 310 ಮಿ.ಮೀ. ಬಾರಿನ ಉದ್ದ ಅದರ ಮುಕ್ಕಾಲು, ಹತ್ತಿರ ಹತ್ತಿರ 232. ಬ್ರಿಡ್ಜಿನ ಪಾದಗಳ ಅಗಲ 35, ಅಂದರೆ ನಡುಗೆರೆಯಿಂದ ಆಚೆಗೆ 17.5. ಬಾರಿನ ಹೊರ ಅಂಚು ಅದಕ್ಕಿಂತ 1 ಮಿ.ಮೀ. ಒಳಗೆ, 16.5ರಲ್ಲಿ. ಮೇಲ್ತುದಿ ನಡುಗೆರೆಯ ಕಡೆ ತುಸು ವಾಲಬೇಕು, ಯಾಕೆಂದರೆ ಪಿಟೀಲಿನ ಮೇಲಿನ ದುಂಡು ಕೆಳಗಿನದಕ್ಕಿಂತ ಕಿರಿದು. ಹಳೆ ಗೆರೆಯನ್ನು ಟ್ರೇಸಿಂಗ್ ಪೇಪರಿನಲ್ಲಿ ತೆಗೆದು, ಕಾಗದ ಮಗುಚಿ ಇನ್ನೊಂದು ಕಡೆ ಇಟ್ಟು ತಾಳೆ ನೋಡಿದೆ. ಹಳೆಯದೇ 2 ಮಿ.ಮೀ. ತಪ್ಪಿತ್ತು.

ಇಲ್ಲಿಂದ ಮುಂದಿನದು ನನಗೆ ಬರುವ ಕೆಲಸ. ಹಲಗೆಯ ಒಳಮೈ ಎರಡು ದಿಕ್ಕಿಗೂ ಬಾಗಿರುತ್ತದೆ, ಬಾರಿನ ತಳ ಅದಕ್ಕೆ ಎಲ್ಲೂ ಬೆಳಕು ಕಾಣದ ಹಾಗೆ ಕೂರಬೇಕು. ಟೂಲ್‌ರೂಮಿನಲ್ಲಿ ಸರ್ಫೇಸ್ ಪ್ಲೇಟಿಗೆ (ಪಕ್ಕಾ ಸಮತಟ್ಟಾದ ಲೋಹದ ಹಲಗೆಗೆ) ನೀಲಿ ಸವರಿ, ಜಾಬನ್ನು ಉಜ್ಜಿ, ನೀಲಿ ತಾಗಿದ ಉಬ್ಬನ್ನು ಸ್ಕ್ರೇಪರಿನಿಂದ ಹೆರೆಯುತ್ತೇವಲ್ಲ, ಇದೂ ಅದೇ. ನೀಲಿಯ ಬದಲು ಸೀಮೆಸುಣ್ಣ. ಹಲಗೆಗೆ ಸುಣ್ಣ ಉಜ್ಜು, ಬಾರ್ ಇಟ್ಟು ಒತ್ತು, ಬೆಳ್ಳಗಾದ ಕಡೆ ಕೂದಲೆಳೆಯಷ್ಟು ಹೆರೆ. ಮತ್ತೆ ಇಡು. ಮೊದಲ ಸಂಜೆ ಎರಡು ತುದಿ ಮಾತ್ರ ತಾಗಿತು. ಎರಡನೇ ಸಂಜೆ ನಡು ಬಂತು, ಒಂದು ತುದಿ ಹೋಯಿತು. ಮೂರನೆಯ ಸಂಜೆ ಒಂಬತ್ತೂವರೆಗೆ ಬಾರಿನ ತಳ ಪೂರ್ತಿ ಬೆಳ್ಳಗೆ ಬಂತು. ಇಡೀ ಕೆಲಸದಲ್ಲಿ ನನಗೆ ಹಿಡಿಸಿದ ಗಳಿಗೆ ಅದೊಂದೇ. ಅಕ್ಕನನ್ನು ಕರೆದು ತೋರಿಸಿದೆ. "ಸುಣ್ಣ ಮೆತ್ಕೊಂಡಿದೆ" ಅಂದಳು.

ಸುಣ್ಣ ಚೆನ್ನಾಗಿ ಒರೆಸಿ ಅಂಟಿಸಬೇಕು. ಫೆವಿಕಾಲ್ ಬೇಡ. ಮುಂದೊಂದು ದಿನ ಯಾರಾದರೂ ಮತ್ತೆ ಬಿಚ್ಚಬೇಕಾದರೆ ಮರವಜ್ರವೇ ಸರಿ, ನೀರಿನ ಬಿಸಿಗೆ ಬಿಡುತ್ತದೆ. ಮರವಜ್ರದ ಕಾಳನ್ನು ರಾತ್ರಿ ತಣ್ಣೀರಲ್ಲಿ ನೆನೆಹಾಕಿ, ಬೆಳಿಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿದೆ. 60 ಡಿಗ್ರಿ ದಾಟಿ ಬಹಳ ಮೇಲೆ ಹೋಗಬಾರದು, ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ. ವಾಸನೆ ಬಗ್ಗೆ ಹೇಳುವುದಿಲ್ಲ. ಅಮ್ಮನ ಪೂಜೆ ಮುಗಿಯುವವರೆಗೆ ಕಾದು, ಮಹಡಿ ಮೇಲೆ ಮಾಡಿದೆ. ಅಂಟು ಒಣಗಿದ ಮೇಲೆ ಬಾರನ್ನು ಬ್ರಿಡ್ಜಿನ ಜಾಗದಲ್ಲಿ 9 ಮಿ.ಮೀ. ಎತ್ತರ ಉಳಿಸಿ, ತುದಿಗಳಿಗೆ 3ಕ್ಕೆ ಇಳಿಸಿದೆ.

ಮುಚ್ಚಿದ್ದು, ಬಿಚ್ಚಿದ್ದು, ಮತ್ತೆ ಮುಚ್ಚಿದ್ದು

ಜುಲೈ ತಿಂಗಳು, ಮೋಡ, ತಣ್ಣನೆ ಗಾಳಿ. ಮರವಜ್ರ ತಣ್ಣಗಾದರೆ ಒಂದು ನಿಮಿಷದಲ್ಲಿ ಹಲ್ವದಂತಾಗುತ್ತದೆ. ಅಂಟು ಸವರಿ ಹಲಗೆ ಇಟ್ಟು 24 ಕ್ಲಾಂಪು ತಿರುಗಿಸುವಷ್ಟರಲ್ಲಿ ಮೊದಲು ಸವರಿದ ಕಡೆ ಅದು ಸತ್ತೇ ಹೋಗಿತ್ತು. ಮಾರನೆ ದಿನ ತಟ್ಟಿದರೆ ಎಡಗಡೆಯ ದುಂಡು ಪೂರ್ತಿ ಸಡಿಲ. ಹಲಗೆ ಬೇರೆ ಒಂದು ಮಿ.ಮೀ. ಸರಿದಿದೆ. ಮತ್ತೆ ಚಾಕು. ಈ ಸಲ ಸುಲಭವಾಗಿ ಬಿಟ್ಟಿತು. ಅಷ್ಟರಮಟ್ಟಿಗೆ ಮರವಜ್ರದ ಆಯ್ಕೆ ಸರಿ ಅಂತ ಸಮಾಧಾನ.

ಎರಡನೇ ಸಲ ಅಂಟಿಲ್ಲದೆ ಮೂರು ಬಾರಿ ತಾಲೀಮು ಮಾಡಿದೆ. ಯಾವ ಕ್ಲಾಂಪು ಮೊದಲು, ಯಾವುದು ಆಮೇಲೆ ಅಂತ ಸೀಮೆಸುಣ್ಣದಲ್ಲಿ ನಂಬರು ಬರೆದೆ. ಅಕ್ಕ ಹೇರ್ ಡ್ರೈಯರ್ ಹಿಡಿದು ಪಕ್ಕದ ಪಟ್ಟಿಗಳನ್ನು ಬೆಚ್ಚಗೆ ಇಟ್ಟಳು, ಪುಟ್ಟಿ ನಂಬರು ಕೂಗಿ ಕ್ಲಾಂಪು ಕೊಟ್ಟಳು. ಎಡಗೈಯಲ್ಲಿ ಕೊಡುತ್ತಿದ್ದಳು. ಅಮ್ಮ ನೋಡುತ್ತಿದ್ದರು, ಏನೂ ಅನ್ನಲಿಲ್ಲ.

ಪೋಸ್ಟು, ಬ್ರಿಡ್ಜು, ನಟ್ಟು

ಸೌಂಡ್ ಪೋಸ್ಟ್ ನಿಲ್ಲಿಸುವುದು ತಾಳ್ಮೆಯ ಕೆಲಸ ಅಂತ ಎಲ್ಲರೂ ಹೇಳುತ್ತಾರೆ. ತಾಳ್ಮೆಯಲ್ಲ, ಬಯ್ಗುಳದ ಕೆಲಸ. 5.5 ಮಿ.ಮೀ. ದಪ್ಪದ ಸ್ಪ್ರೂಸ್ ಕಡ್ಡಿಯ ಎರಡು ತುದಿಯನ್ನೂ ಹಲಗೆಗಳ ಇಳಿಜಾರಿಗೆ ಸರಿಯಾಗಿ ಓರೆ ಕತ್ತರಿಸಿ, ಸ್ಪೋಕಿನ ಚೂಪಿಗೆ ಚುಚ್ಚಿ, ಎಫ್ ಸಂದಿಯಿಂದ ಒಳಗೆ ಬಿಟ್ಟು, ತಿರುಗಿಸಿ ನಿಲ್ಲಿಸಬೇಕು. ಹನ್ನೊಂದು ಸಲ ಬಿತ್ತು. ಬಿದ್ದದ್ದನ್ನು ಅಲ್ಲಾಡಿಸಿ ಹೊರಗೆ ತೆಗೆಯುವುದು ಇನ್ನೊಂದು ಪಜೀತಿ. ಬುಡದ ಗುಂಡಿ ತೆಗೆದರೆ ಅಲ್ಲೊಂದು ತೂತು, ಅದರಿಂದ ಇಣುಕಿದರೆ ಕಂಬ ನೆಟ್ಟಗಿದೆಯೋ ವಾಲಿದೆಯೋ ಕಾಣುತ್ತದೆ. ಕಂಬದ ಮರದ ಗೆರೆ ಹಲಗೆಯ ಗೆರೆಗೆ ಅಡ್ಡವಾಗಿರಬೇಕು, ಇಲ್ಲದಿದ್ದರೆ ಹಲಗೆಯ ಒಳಮೈಯಲ್ಲಿ ಗುಳಿ ಬೀಳುತ್ತದೆ. ಈಗ ಅದು ತೆಳು ತಂತಿಯ ಪಾದದ 2 ಮಿ.ಮೀ. ಹಿಂದೆ, ಅಂದರೆ ಮೊದಲಿದ್ದ ಕಡೆಗೆ ನೇರ ಎದುರು ಬದಿಯಲ್ಲಿ ನಿಂತಿದೆ.

ಬ್ರಿಡ್ಜು ಹೊಸದು. ಹಲಗೆಯ ಮೇಲೆ ಉಪ್ಪುಕಾಗದ ಹಾಸಿ ಪಾದಗಳನ್ನು ಉಜ್ಜಿ ಕೂರಿಸಿ, ಎತ್ತರವನ್ನು ಎಡಗೈ ಲೆಕ್ಕಕ್ಕೆ ತೆಗೆದೆ. ಫಿಂಗರ್‌ಬೋರ್ಡಿನ ಕೊನೆಯಲ್ಲಿ ತೆಳು ತಂತಿ 3 ಮಿ.ಮೀ., ದಪ್ಪದ್ದು 4.5. ನಮ್ಮವರಿಗೆ ಬೆರಳು ಜಾರಬೇಕು, ತಂತಿ ಹೆಚ್ಚು ಎತ್ತರ ಇರಬಾರದು ಅಂತ ಮೇಷ್ಟ್ರು ಹೇಳಿದ್ದರು. ನಟ್ಟನ್ನೂ ಹೊಸದಾಗಿ ಕರಿಮರದಲ್ಲಿ ಮಾಡಿದೆ. ಗಾಡಿಗಳನ್ನು ತಂತಿಯ ದಪ್ಪದ ಅರ್ಧಕ್ಕಿಂತ ಆಳ ಮಾಡಲಿಲ್ಲ, ಪೆನ್ಸಿಲ್ ಸೀಸ ತುಂಬಿದೆ.

ಬಿರಡೆ ಒಂದರಲ್ಲಿ ಸೋತೆ. ಬಿರಡೆಗಳು ಎದುರುಬದುರಾಗಿಲ್ಲ, ಒಂದಕ್ಕೊಂದು ತಪ್ಪಿಸಿ ಕೊರೆದಿರುತ್ತಾರೆ. ತಂತಿ ಅದಲುಬದಲಾದಾಗ ಒಂದು ತಂತಿ ಇನ್ನೊಂದರ ಬಿರಡೆಯನ್ನು ಉಜ್ಜಿಕೊಂಡು ಹೋಗುತ್ತದೆ. ಸುತ್ತುವ ದಿಕ್ಕು ಬದಲಿಸಿ, ಸುತ್ತನ್ನು ಗೋಡೆಯ ಕಡೆ ತಳ್ಳಿ ಸುಮಾರಾಗಿ ಬಿಡಿಸಿಕೊಂಡೆ. ನಿಜವಾದ ಪರಿಹಾರ ಅಂದರೆ ತೂತು ಮುಚ್ಚಿ ಹೊಸದಾಗಿ ಕೊರೆಯುವುದು. ಕಮಾನಿಗೆ ಮಾತ್ರ ಏನೂ ಮಾಡಬೇಕಾಗಲಿಲ್ಲ, ಅದು ಯಾವ ಕೈಗಾದರೂ ನಡೆಯುತ್ತದೆ.

ಶ್ರುತಿ

ಮಂದ್ರ ಸ, ಮಂದ್ರ ಪ, ಮಧ್ಯ ಸ, ಮಧ್ಯ ಪ. ಮೇಷ್ಟ್ರ ಮನೆಯಲ್ಲೇ ಏರಿಸಿದೆವು. ಬಿರಡೆ ಜಾರಿದ್ದಕ್ಕೆ ಸೀಮೆಸುಣ್ಣ, ಬಿಗಿಯಾದದ್ದಕ್ಕೆ ಸೋಪು. ಪುಟ್ಟಿ ಚಕ್ಕಳಮಕ್ಕಳ ಹಾಕಿ ಕೂತಳು. ಮಾಮೂಲಾಗಿ ಬಲಪಾದದ ಮೇಲೆ ಇಡುವ ಪಿಟೀಲಿನ ತಲೆ ಅವಳ ಎಡಪಾದದ ಮೇಲೆ, ಬುಡ ಬಲ ಎದೆಗೆ. ಮಂದ್ರ ಷಡ್ಜ ಎಳೆದಳು. ಡಬ್ಬಿಯ ಸದ್ದಲ್ಲ, ಎದೆಯಿಂದ ಬಂದ ಸದ್ದು. ತಂತಿ ಮಾತ್ರ ತಿರುಗಿಸಿದ್ದಾಗ ಫೋನಿನಲ್ಲಿ ಹಿಡಿದಿಟ್ಟದ್ದನ್ನು ಹಾಕಿ ಹೋಲಿಸಿದೆವು. ಅಕ್ಕನಿಗೂ ವ್ಯತ್ಯಾಸ ಗೊತ್ತಾಯಿತು. ಮೇಲಿನ ಪಂಚಮದಲ್ಲಿ ಸ್ವಲ್ಪ ಕೀರಲು ಉಳಿದಿತ್ತು, ಪೋಸ್ಟನ್ನು ಕೂದಲಷ್ಟು ಹಿಂದಕ್ಕೆ ಸರಿಸಿದ ಮೇಲೆ ತಗ್ಗಿತು.

ಬೆರಳು ಬಲಗೈಗೆ ಹೋದದ್ದರಿಂದ ಒಂದು ವರ್ಷದ ಬೆರಳಭ್ಯಾಸ ಸೊನ್ನೆಯಾಯಿತು. ಇದನ್ನು ಮುಚ್ಚಿಡಬಾರದು. ಮೊದಲ ವಾರ ಅವಳು ಅತ್ತಳು ಕೂಡ. ಮಾಯಾಮಾಳವಗೌಳದ ಸರಳೆ ವರಸೆ ಮತ್ತೆ ಸ ರಿ ಗ ಮದಿಂದ. ಆದರೆ ಕಿವಿ ಕಲಿತದ್ದು ಕಿವಿಯಲ್ಲೇ ಇತ್ತು, ಅಪಸ್ವರ ಬಿದ್ದರೆ ತಾನೇ ತಿದ್ದಿಕೊಳ್ಳುತ್ತಿದ್ದಳು. ಎರಡೂವರೆ ತಿಂಗಳಿಗೆ ಹಳೆ ಜಾಗಕ್ಕೆ ಬಂದಳು, ಈ ಸಲ ಕಮಾನಿನ ಸಮೇತ.

ಯಾರೂ ಎಣಿಸದ ಒಂದು ಅನುಕೂಲ ಮೇಷ್ಟ್ರಿಗೆ ಹೊಳೆಯಿತು. ಎದುರಿಗೆ ಕೂತು ಪಾಠ ಹೇಳುವಾಗ ಮಿಕ್ಕ ಮಕ್ಕಳು ಮೇಷ್ಟ್ರ ಕೈಯನ್ನು ಮನಸ್ಸಿನಲ್ಲಿ ತಿರುಗಿಸಿಕೊಂಡು ನೋಡಬೇಕು. ಇವಳಿಗೆ ಮೇಷ್ಟ್ರು ಕನ್ನಡಿ. ಕಂಡ ಹಾಗೆ ಮಾಡಿದರಾಯಿತು. ಅನನುಕೂಲವೂ ಇದೆ. ಸಾಲಿನಲ್ಲಿ ಕೂತರೆ ಇವಳ ಕಮಾನು ಪಕ್ಕದವನ ಕಮಾನಿಗೆ ಬಡಿಯುತ್ತದೆ. ಅದಕ್ಕೆ ಸಾಲಿನ ಕೊನೆಯ ಜಾಗ ಇವಳದು, ಕಿಟಕಿ ಪಕ್ಕ. ಪಾಶ್ಚಾತ್ಯ ವಾದ್ಯವೃಂದದಲ್ಲಾಗಿದ್ದರೆ ಇಷ್ಟು ಸುಲಭವಲ್ಲ, ಅಲ್ಲಿ ಇಡೀ ಸಾಲಿನ ಕಮಾನು ಒಂದೇ ದಿಕ್ಕಿಗೆ ಹೋಗಬೇಕು. ಆದರೂ ಫಿನ್ಲೆಂಡಿನ ಪಾವೊ ಬರ್ಗ್‌ಲುಂಡ್ ಎಡಗೈಯಲ್ಲೇ ವಾದ್ಯವೃಂದದಲ್ಲಿ ಪಿಟೀಲು ನುಡಿಸಿ, ಆಮೇಲೆ ಅದನ್ನು ನಡೆಸುವ ಕಂಡಕ್ಟರೂ ಆದರು. ರುಡಾಲ್ಫ್ ಕೋಲಿಷ್ ಅನ್ನುವವರು ಬಾಲ್ಯದಲ್ಲಿ ಎಡಗೈ ಬೆರಳಿಗೆ ಪೆಟ್ಟಾದದ್ದರಿಂದ ಕೈ ಬದಲಿಸಿಕೊಂಡು, ತಮ್ಮದೇ ಹೆಸರಿನ ನಾಲ್ವರ ತಂಡಕ್ಕೆ ಮುಂದಾಳಾಗಿದ್ದರು.

ಈ ಸುದ್ದಿ ನಮ್ಮ ಬೀದಿಯಲ್ಲಿ ಹರಡಿ, ಈಗ ಭಾನುವಾರ ಯಾರಾದರೊಬ್ಬರು ವಾದ್ಯ ಹಿಡಿದು ಬರುತ್ತಾರೆ. ಯುಕುಲೆಲೆ, ನೈಲಾನ್ ತಂತಿಯ ಗಿಟಾರು ತಂದರೆ ನಟ್ಟು ಬದಲಿಸಿ ತಂತಿ ತಿರುಗಿಸಿ ಕೊಡುತ್ತೇನೆ, ಹೆಚ್ಚೆಂದರೆ ಅರ್ಧ ದಿನ. ಉಕ್ಕಿನ ತಂತಿಯ ಗಿಟಾರಿನಲ್ಲಿ ಕೆಳಗಿನ ಬ್ರಿಡ್ಜಿನ ಪಟ್ಟಿ ಬೇಕೆಂದೇ ಓರೆಯಾಗಿರುತ್ತದೆ. ಬರೀ ತಂತಿ ತಿರುಗಿಸಿದರೆ ಮೇಲೆ ಹೋದಂತೆ ಶ್ರುತಿ ಕೆಡುತ್ತದೆ, ಅಂಥದ್ದಕ್ಕೆ ಎಡಗೈ ಗಿಟಾರನ್ನೇ ಕೊಳ್ಳಿ ಅನ್ನುತ್ತೇನೆ. ವೀಣೆ ತಂದವರನ್ನು ಕೈಮುಗಿದು ಕಳಿಸಿದೆ. ಮೇಣದಲ್ಲಿ ಕೂರಿಸಿದ 24 ಮೆಟ್ಟಿಲು, ಪಕ್ಕದಲ್ಲಿ ಮೂರು ತಾಳದ ತಂತಿ, ಅದನ್ನು ತಿರುಗಿಸುವುದು ಅಂದರೆ ಹೊಸ ವೀಣೆ ಮಾಡಿದ ಹಾಗೆ. ಮತ್ತೆ, ಪಿಟೀಲು ತರುವವರಿಗೆಲ್ಲ ಮೊದಲು ಲಟ್ಟಣಿಗೆ ಪರೀಕ್ಷೆ. ಬಂದ ನಾಲ್ಕು ಎಡಚ ಮಕ್ಕಳಲ್ಲಿ ಮೂವರ ಅಡಿಪಟ್ಟಿ ಬಲಗೈಗೇ ಹೋಯಿತು. ಅವರ ಪಿಟೀಲು ಹಾಗೇ ಮನೆಗೆ ಹೋಯಿತು.

ಖರ್ಚು: ಪಿಟೀಲು 1,800, ತಂತಿ 450, ಬ್ರಿಡ್ಜು ಮತ್ತು ಕರಿಮರ 380, ಕ್ಲಾಂಪಿನ ರಾಡು ನಟ್ಟು 520, ಮರವಜ್ರ 120. ಹಾರ್ಮೋನಿಯಂ ರಿಪೇರಿಯವರಿಗೆ ಒಂದು ಕೆಜಿ ಮೈಸೂರು ಪಾಕ್.

ಬಾಕಿ ಕೆಲಸ: ಉಜ್ಜುವ ಬಿರಡೆಯ ತೂತು ಮುಚ್ಚಿ ಕೊರೆಯಬೇಕು. ಬೆಳ್ಳಗಾದ ಅಂಚಿಗೆ ಬಣ್ಣ ಹಚ್ಚೋಣ ಅಂದೆ, ಪುಟ್ಟಿ ಬೇಡ ಅಂದಳು, ಅದು ಗುರುತಂತೆ. ಕೈ ಉದ್ದವಾಗುತ್ತಿದೆ, ಮುಂದಿನ ಜೂನಿಗೆ ತ್ರೀ ಫೋರ್ತ್ ಸೈಜು ಬೇಕಾಗುತ್ತದೆ, ಅದನ್ನೂ ಬಿಚ್ಚಬೇಕು. ಅದಕ್ಕೆ 24 ಕ್ಲಾಂಪು ಸಾಲದು, ಇನ್ನೂ ನಾಲ್ಕು ಬೇಕು, ಅಂದರೆ ಎಂಟು ಬಿಲ್ಲೆ. ಈ ಸಲ ಕೋಲು ನಾನೇ ಅಂಗಡಿಯಿಂದ ತಂದಿದ್ದೇನೆ. ಅಕ್ಕ ಅದನ್ನು ತೆಗೆದುಕೊಂಡು ಹೋಗಿ ಮಾಪಿಗೆ ಸಿಕ್ಕಿಸಿಬಿಟ್ಟಿದ್ದಾಳೆ.